ಗೋಲ್‌ಕೀಪರನಿಗೆ ತಾಗಿದ ದೃಷ್ಟಿ

ಆಟ ಬಲ್ಲವರು ಮೈದಾನದ ಒಳಗಿರುತ್ತಾರೆ; ಅವರಿಗಿಂತ ಹೆಚ್ಚು ಬಲ್ಲವರು ಮೈದಾನದ ಹೊರಗಿರುತ್ತಾರೆ. ನಾನು ಎರಡನೆಯ ಪಂಗಡದವನು. ಜೀವಮಾನದಲ್ಲಿ ಚೆಂಡನ್ನು ನೆಟ್ಟಗೆ ಒದ್ದವನಲ್ಲ. ಒಂದು ಸಲ ಮನೆಯ ಮುಂದೆ ಉರುಳಿ ಬಂದ ಚೆಂಡನ್ನು ಬಹಳ ಹುರುಪಿನಿಂದ ಒದ್ದೆ. ಚೆಂಡು ಇದ್ದಲ್ಲೇ ಇತ್ತು, ನನ್ನ ಚಪ್ಪಲಿ ಎದುರು ಮನೆಯ ಮಾಳಿಗೆ ಸೇರಿತು. ಆದರೂ ಯಾವ ಆಟಗಾರ ಯಾವ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಅವನು ಅಲ್ಲಿ ನಿಲ್ಲದೆ ಕೆಟ್ಟ ಮರುಕ್ಷಣವೇ ನಾನು ಹೇಳಬಲ್ಲೆ. ಇದೊಂದು ವರ. ಇದನ್ನು ನನ್ನ ಹೆಂಡತಿ ಗಿರಿಜಾ ಬೇರೆ ಹೆಸರಿನಿಂದ ಕರೆಯುತ್ತಾಳೆ.

ರಾಣೇಬೆನ್ನೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ವಾರವೆಲ್ಲ ಮಂದಿಯ ಕಣ್ಣು ನೋಡುವುದು, ರವಿವಾರ ನಮ್ಮೂರ ಕೃಷ್ಣಮೃಗ ಫುಟ್‌ಬಾಲ್ ಸಂಘದ ಆಟ ನೋಡುವುದು, ಇವೆರಡೇ ನನ್ನ ಕೆಲಸ. ಊರ ಪಕ್ಕದ ಕಾಡಿನಲ್ಲಿ ಕೃಷ್ಣಮೃಗಗಳು ಚಂಗನೆ ನೆಗೆಯುತ್ತವೆಂದು ಸಂಘಕ್ಕೆ ಆ ಹೆಸರಿಟ್ಟರಂತೆ. ಹೆಸರಿಟ್ಟವರು ಅವುಗಳನ್ನು ಮೇಯುವ ಹೊತ್ತಿನಲ್ಲಿ ನೋಡಿರಬೇಕು, ನಮ್ಮ ತಂಡಕ್ಕೆ ಆ ಹೋಲಿಕೆಯೇ ಹೆಚ್ಚು ಒಪ್ಪುತ್ತದೆ. ಮುಂಚೂಣಿಯಲ್ಲಿ ಆಡುವ ಮಲ್ಲೇಶಿ ಕರೆಂಟಿನ ಕೆಲಸ ಮಾಡುವವನು, ಪರಮ ಸಭ್ಯ. ಎದುರಿಗೆ ಗೋಲು ಹಾರುಹೊಡೆದ ಬಾಗಿಲಿನಂತೆ ತೆರೆದಿದ್ದರೂ ತಾನು ಒದೆಯುವುದಿಲ್ಲ. ಪಂಕ್ತಿಯಲ್ಲಿ ಕೂತ ಬೀಗರು "ನೀವು ಮೊದಲು ತಗೋರಿ, ನೀವು ಮೊದಲು" ಎನ್ನುವಂತೆ ಚೆಂಡನ್ನು ಪಕ್ಕದವನಿಗೆ ದಾಟಿಸುತ್ತಾನೆ. ಅಷ್ಟರಲ್ಲಿ ಎದುರಾಳಿಗಳು ಊಟ ಮುಗಿಸಿ ಕೈತೊಳೆದಿರುತ್ತಾರೆ.

ಇನ್ನು ಆಡಳಿತ. ಸಂಘದ ಅಧ್ಯಕ್ಷರು ಬೀಜದ ಅಂಗಡಿಯ ರುದ್ರಪ್ಪನವರು. ಇಷ್ಟು ವರ್ಷ ಅಧ್ಯಕ್ಷರಾಗಿದ್ದರೂ ಅವರಿಗೆ ಆಫ್‌ಸೈಡ್ ಎಂದರೇನೆಂದು ಗೊತ್ತಿಲ್ಲ. ನಾನೇ ಒಮ್ಮೆ ಚಹಾದ ಕಪ್ಪು, ಬಸಿ, ಸಕ್ಕರೆ ಡಬ್ಬಿ ಇಟ್ಟು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, "ಅಂದ್ರ, ನಮ್ಮ ಹುಡುಗ ಎಲ್ಲಾರಕಿಂತ ಮುಂದ ಹೋಗಿದ್ದು ತಪ್ಪೇನ್ರಿ? ಮುಂದ ಬರಬ್ಯಾಡ ಅನ್ನೋದು ಎಂಥಾ ಆಟರೀ ಇದು?" ಎಂದು ನೊಂದುಕೊಂಡರು. ಆದರೆ ಸೋತ ದಿನವೂ ಆಟಗಾರರಿಗೆ ಬಿಸಿ ಗಿರ್ಮಿಟ್ಟು, ಮೆಣಸಿನಕಾಯಿ ಭಜಿ ತಪ್ಪಿಸಿದವರಲ್ಲ. ಹುಡುಗರ ಬೆವರಿನ ಅಂಗಿಗಳನ್ನು ಗಂಟು ಕಟ್ಟಿಕೊಂಡು ತಮ್ಮ ಮನೆಗೇ ಒಯ್ದು ಒಗೆಸುತ್ತಾರೆ. ಸೋಮವಾರ ಅವರ ಮಾಳಿಗೆಯ ಮೇಲೆ ನಮ್ಮ ಇಡೀ ತಂಡ ಸಾಲಾಗಿ ನೇತಾಡುವುದನ್ನು ನೋಡಿ, "ಮೈದಾನದಾಗೂ ಹಿಂಗ ಸಾಲು ಹಿಡಿದು ನಿಂತಿದ್ರ ಗೆಲ್ತಿದ್ವಿ" ಎಂದು ಅಲ್ಲೂ ನಾನು ಸಲಹೆ ಕೊಟ್ಟವನೇ.

ಹೀಗೆ ಎಲ್ಲರನ್ನೂ ಸಮನಾಗಿ ಬೈದುಕೊಂಡು ಸುಖವಾಗಿದ್ದ ನನಗೆ ಸಂಕಟ ಶುರುವಾದದ್ದು ನನ್ನ ಹೆಂಡತಿಯ ತಮ್ಮ ವೀರೇಶ ನಮ್ಮ ತಂಡದ ಗೋಲ್‌ಕೀಪರ್ ಆದಾಗ. ಗುತ್ತಲದ ಹುಡುಗ. ಮೊಬೈಲ್ ರಿಪೇರಿ ಕಲಿತು ರಾಣೇಬೆನ್ನೂರಿನಲ್ಲಿ ಕೆಲಸಕ್ಕೆ ಸೇರಿ ನಮ್ಮ ಮನೆಯಲ್ಲೇ ಇದ್ದ. ಎತ್ತರದ ಆಳು, ಉದ್ದ ಕೈ. ಸಾಸಿವೆಗಿಂತ ಚಿಕ್ಕ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ಕೂರಿಸುತ್ತಿದ್ದ. ಅಂಥ ಕೈಗೆ ಕುಂಬಳಕಾಯಿಯಷ್ಟು ದೊಡ್ಡ ಚೆಂಡು ಸಿಗುವುದು ಏನು ಮಹಾ ಎಂದು ರುದ್ರಪ್ಪನವರಿಗೆ ನಾನೇ ಶಿಫಾರಸು ಮಾಡಿದ್ದೆ.

ಹತ್ತಿರದಿಂದ ಒದ್ದ ಚೆಂಡನ್ನು ಅವನು ಬೆಕ್ಕು ಇಲಿ ಹಿಡಿದಂತೆ ಹಿಡಿಯುತ್ತಿದ್ದ. ಆದರೆ ದೂರದಿಂದ ಯಾರಾದರೂ ಎತ್ತಿ ಒದ್ದರೆ ಮುಗಿಯಿತು. ಚೆಂಡು ಬರುತ್ತಿದೆ, ಇವನು ದೇವರ ಧ್ಯಾನದಲ್ಲಿದ್ದವನಂತೆ ನಿಂತೇ ಇದ್ದಾನೆ. ಅದು ಬಲೆ ಸೇರಿದ ಮೇಲೆ ನೆಗೆಯುತ್ತಾನೆ. ಇದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ಅಭ್ಯಾಸ ಸಾಲದು ಎಂದು ಕ್ಯಾಪ್ಟನ್ ರಫೀಕ್, ಹೊಟ್ಟೆಗೆ ಸಾಲದು ಎಂದು ರುದ್ರಪ್ಪನವರು, ಯಾವುದೋ ಹುಡುಗಿಯ ಮೇಲೆ ಮನಸ್ಸು ಹೋಗಿದೆ ಎಂದು ನಾನು. ಗಿರಿಜಾ ಮಾತ್ರ, "ಏನಿಲ್ಲ, ನನ್ನ ತಮ್ಮಗ ದೃಷ್ಟಿ ಆಗೇತಿ" ಎಂದು ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿ ಹೊರಗೆ ಓಡಿದೆವು. ಓದಿದವಳಾಗಿಯೂ ಹೀಗೆ ಮಾಡುತ್ತಾಳಲ್ಲ ಎಂದು ನಾನು ನಕ್ಕೆ.

ಹಾವೇರಿಯಲ್ಲಿ ನಡೆದ ಆಟದ ದಿನ ನನ್ನ ನಾಲಗೆ ಹಿಡಿತ ತಪ್ಪಿತು. ಅಲ್ಲಿಯ ತಂಡದವನೊಬ್ಬ ಅರ್ಧ ಮೈದಾನದಿಂದ ಒದ್ದ ಚೆಂಡು ಯಾವ ಅವಸರವೂ ಇಲ್ಲದೆ, ಪರವೂರಿಗೆ ಹೊರಟ ನೆಂಟನಂತೆ, ನಿಧಾನವಾಗಿ ಬಂದು ವೀರೇಶನ ಹೆಗಲ ಪಕ್ಕದಲ್ಲೇ ಒಳಗೆ ಹೋಯಿತು. ಮೈದಾನವೆಲ್ಲ ಒಂದು ಕ್ಷಣ ಸ್ತಬ್ಧವಾಯಿತು. ಆ ಮೌನದಲ್ಲಿ ನನ್ನ ಧ್ವನಿಯೊಂದೇ ಎದ್ದಿತು: "ಏ ವೀರೇಶ್ಯಾ! ಕಣ್ಣು ಸಂತ್ಯಾಗ ಮಾರಿ ಬಂದೀಯೇನೋ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಾತಿಗೆ ಅಷ್ಟು ಜನ ನಕ್ಕದ್ದು ಅದೇ ಮೊದಲು; ಒಳಗೊಳಗೇ ಹಿಗ್ಗಿದೆ ಕೂಡ. ಮರುದಿನ ಬೆಳಿಗ್ಗೆ ವೀರೇಶ ಚೀಲ ತುಂಬಿಕೊಂಡು, "ಅಕ್ಕಾ, ಊರಿಗೆ ಹೋಗಿ ಬರ್ತೀನಿ" ಎಂದು ಹೊರಟ. ನನ್ನ ಕಡೆ ನೋಡಲಿಲ್ಲ. ಗಿರಿಜಾ ಜಗಳವಾಡಲಿಲ್ಲ, ಅದೇ ಭಯಂಕರ. ಮಧ್ಯಾಹ್ನ ತಾಟಿನಲ್ಲಿ ಎರಡು ಜೋಳದ ರೊಟ್ಟಿ ಮಾತ್ರ ಬಂತು.

"ಪಲ್ಯಾ ಎಲ್ಲೈತಿ?" ಎಂದೆ.

"ಅಲ್ಲೇ ಐತಲ್ರಿ. ಕಾಣವಲ್ದೇನ್ರಿ? ಕಣ್ಣು ಸಂತ್ಯಾಗ ಮಾರಿ ಬಂದೀರೇನು?"

ಇಷ್ಟರ ಮೇಲೆ ರುದ್ರಪ್ಪನವರು ಅಂಗಡಿಗೆ ಬಂದರು. ಕುರ್ಚಿಯಲ್ಲಿ ಕೂತು, ಕಣ್ಣು ಪರೀಕ್ಷೆಯ ಫಲಕವನ್ನು ಸುಮ್ಮನೆ ನೋಡುತ್ತ, "ಬ್ಯಾಡಗಿ ಆಟ ಒಂದು ಉಳದೈತ್ರಿ. ಸೋತ್ವಿ ಅಂದ್ರ ಪಂದ್ಯಾವಳಿಯಿಂದ ನಮ್ಮನ್ನ ತಗದ ಹಾಕ್ತಾರ. ಸಮ ಮಾಡ್ಕೊಂಡ್ರೂ ಉಳಕೊಂತೀವಿ. ಹುಡುಗ ಇಲ್ಲಂದ್ರ ಗೋಲಿನ್ಯಾಗ ನಾನಽ ನಿಂದರಬೇಕಾಗ್ತೈತಿ" ಎಂದರು. ಅವರ ಹೊಟ್ಟೆ ಗೋಲಿನ ಅರ್ಧವನ್ನು ಮುಚ್ಚಬಹುದೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿದೆ. ಆ ಸಂಘ ಹೋದರೆ ಮಾಳಿಗೆಯ ಮೇಲೆ ಒಣಹಾಕಲು ಅವರಿಗೆ ಏನೂ ಇರುವುದಿಲ್ಲ. ಬೈಯಲು ನನಗೂ ಯಾರೂ ಇರುವುದಿಲ್ಲ.

ಗುತ್ತಲದ ಬಸ್ಸು ಹತ್ತಿದೆ. ಅತ್ತೆಯ ಮನೆಯಲ್ಲಿ ಚಹಾ ಕುಡಿದು, ಆ ಮಾತು ಈ ಮಾತು ಆಡಿ, "ನಡೀಪಾ, ತಂಡದವರು ಹಾದಿ ಕಾಯಾಕತ್ತಾರ" ಎಂದೆ. ವೀರೇಶ ತಲೆ ತಗ್ಗಿಸಿಕೊಂಡು, "ಬ್ಯಾಡ ಬಿಡ್ರಿ ಮಾಮಾ. ಖರೇ ಹೇಳ್ಬೇಕಂದ್ರ ನನಗ ಆಟ ಬರಂಗಿಲ್ಲ. ನೀವು ಅಂದಿದ್ದು ಬರೋಬರಿ ಐತಿ" ಎಂದ. ಅವನು ಸಿಟ್ಟು ಮಾಡಿದ್ದರೆ ಉತ್ತರ ಕೊಡಬಹುದಿತ್ತು. ಒಪ್ಪಿಕೊಂಡುಬಿಟ್ಟವನಿಗೆ ಏನು ಹೇಳುವುದು? "ಆಟ ಬಿಡು, ನಿಮ್ಮಕ್ಕ ನನಗ ಪಲ್ಯಾ ಬಂದ್ ಮಾಡ್ಯಾಳ. ಅಷ್ಟಕ್ಕಾದ್ರೂ ಬಾ" ಎಂದೆ. ಆಗ ಸ್ವಲ್ಪ ನಕ್ಕು, ಚೀಲ ಎತ್ತಿಕೊಂಡ.

ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಒಂದು ಬಸ್ಸು ತಿರುವಿನಲ್ಲಿ ಕಾಣಿಸಿತು. ವೀರೇಶ ಕೈ ಎತ್ತಿ ಮುಂದೆ ಓಡಿದ.

"ಎಲ್ಲಿ ಹೊಂಟೀಯೋ? ಅದು ಹಾವೇರಿದು" ಎಂದೆ.

"ನಿಮಗ್ಹೆಂಗ ಗೊತ್ತಾತು ಮಾಮಾ?"

"ಬೋರ್ಡ್ ಓದು."

"ಯಾವ ಬೋರ್ಡು?"

ಅವನನ್ನು ರಸ್ತೆಯ ಕಡೆ ತಿರುಗಿಸಿದೆ. ಎದುರಿನ ಅಂಗಡಿಯ ಮೇಲೆ ಆಳೆತ್ತರದ ಕೆಂಪು ಅಕ್ಷರಗಳಿದ್ದವು. "ಅಲ್ಲಿ ಏನ್ ಬರದೈತಿ ಹೇಳು" ಎಂದೆ. ಅವನು ಕಣ್ಣು ಕಿರಿದು ಮಾಡಿ, "ಕೆಂಪಗ ಏನೋ ಐತ್ರಿ" ಎಂದ. "ಮತ್ತ ಚೆಂಡು ಹೆಂಗ ಹಿಡೀತಿದ್ದಿ?" ಎಂದು ಕೇಳಿದರೆ, "ಹತ್ತರ ಬಂದ ಮ್ಯಾಲ ಕಾಣತೈತ್ರಿ. ಅಲ್ಲೀತನಾ ಮಂದಿ ಯಾವ ಕಡೆ ಓಡ್ತಾರ ನೋಡ್ಕೊಂಡು ನಿಂದರ್ತೀನಿ. ಎಲ್ಲಾರಿಗೂ ಹಿಂಗ ಕಾಣತೈತಿ ಅನ್ಕೊಂಡಿದ್ನಿ" ಎಂದ.

ಊರ ಮಂದಿಯ ಕಣ್ಣು ನೋಡಿ ಅನ್ನ ತಿನ್ನುವ ನಾನು, ಎದುರಿಗೆ ಕೂತು ದಿನವೂ ಉಣ್ಣುವ ಹುಡುಗನ ಕಣ್ಣು ನೋಡಿರಲಿಲ್ಲ. ಮೊಬೈಲಿನ ತಿರುಪು ಮೂಗಿನ ಹತ್ತಿರ ಇರುತ್ತದೆ, ಚೆಂಡು ದೂರದ ಎದುರಾಳಿಯ ಕಾಲ ಹತ್ತಿರ ಇರುತ್ತದೆ ಎಂಬ ಸರಳ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಮನೆಗೆ ಹೋಗುವ ಮೊದಲೇ ಅಂಗಡಿಯ ಬಾಗಿಲು ತೆಗೆದು ಅವನನ್ನು ಕುರ್ಚಿಯಲ್ಲಿ ಕೂರಿಸಿದೆ. ಫಲಕದ ಮೊದಲ ಸಾಲಿನ ದೊಡ್ಡ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅವನಿಗೆ ಇರುವೆ ಸಾಲು. ಒಂದೊಂದೇ ಗಾಜು ಬದಲಿಸುತ್ತ ಬಂದು ಸರಿಯಾದದ್ದನ್ನು ಇಟ್ಟಾಗ ಅವನು ತಲೆ ಎತ್ತಿದ. ಬಾಗಿಲಾಚೆ ನೋಡುತ್ತ, "ಮಾಮಾ, ಆ ಬೇವಿನ ಗಿಡಕ್ಕ ಎಲಿ ಬ್ಯಾರೆ ಬ್ಯಾರೆ ಅದಾವಲ್ರಿ!" ಎಂದ. ನಾನು ಮುಖ ಅತ್ತ ತಿರುಗಿಸಿ ಗಾಜು ಒರೆಸುವ ಬಟ್ಟೆಯನ್ನು ಸ್ವಲ್ಪ ಹೊತ್ತು ಹುಡುಕಿದೆ.

ಸುದ್ದಿ ಕೇಳಿ ಗಿರಿಜಾ ಸೊಂಟದ ಮೇಲೆ ಕೈ ಇಟ್ಟಳು. "ನಾ ಮೊದಲಽ ಹೇಳಿದ್ನಿಲ್ಲೋ? ದೃಷ್ಟೀದ ತ್ರಾಸು ಐತಿ ಅಂತ! ಆವಾಗ ಹಲ್ಲು ಕಿಸಿದ್ರಿ." ಒಡೆಯದ ಗಾಜು ಹಾಕಿ, ಮೆತ್ತನೆಯ ಚೌಕಟ್ಟು ಮಾಡಿಸಿದೆ. ತಲೆಯ ಹಿಂದೆ ಬಿಗಿಯಲು ಅವಳೇ ತನ್ನ ಹೊಲಿಗೆ ಡಬ್ಬಿಯಿಂದ ಇಲಾಸ್ಟಿಕ್ ತೆಗೆದು ಹೊಲಿದಳು. ಮತ್ತು ಒಂದು ಷರತ್ತು ಹಾಕಿದಳು: ಬ್ಯಾಡಗಿಗೆ ತಾನೂ ಬರುತ್ತಾಳೆ, ನನ್ನ ಪಕ್ಕದಲ್ಲೇ ಕೂರುತ್ತಾಳೆ, ನಾನು ತುಟಿ ಪಿಟಕ್ಕೆನ್ನಬಾರದು.

ಬ್ಯಾಡಗಿಯ ಮೈದಾನ ಮೆಣಸಿನಕಾಯಿ ಮಾರುಕಟ್ಟೆಯ ಗಾಳಿ ಬೀಸುವ ದಿಕ್ಕಿಗಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಸುಗ್ಗಿಯಲ್ಲಿ ಅಲ್ಲಿ ನಿಂತು ಉಸಿರೆಳೆದವರಲ್ಲ. ಅವರ ಆಟಗಾರರಲ್ಲಿ ಅರ್ಧ ಜನ ಮೆಣಸಿನಕಾಯಿ ಚೀಲ ಹೊರುವವರು. ಅವರಿಗೆ ಅದು ಮಲ್ಲಿಗೆಯ ಪರಿಮಳ. ನಮ್ಮವರು ಬಸ್ಸಿಳಿದಾಗಿನಿಂದ ಸೀನುತ್ತಿದ್ದರು. ರೆಫ್ರಿ ವೀರೇಶನ ಕನ್ನಡಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಪ್ರತಿ ಪಂದ್ಯದಲ್ಲೂ "ಬರ್ರಿ, ಪುಕ್ಕಟೆ ಚಷ್ಮಾ ಕೊಡ್ತೀನಿ" ಎಂದು ನಾನು ಕೂಗುತ್ತಿದ್ದುದು ಇದೇ ಪುಣ್ಯಾತ್ಮನಿಗೆ. ನನ್ನ ಕಡೆ ತಿರುಗಿ, "ನಿಮ್ಮ ಅಂಗಡೀದೇನ್ರಿ? ಅಂತೂ ನಿಮ್ಮವರಿಗೇ ಬೇಕಾತು ನೋಡ್ರಿ" ಎಂದು ಒಪ್ಪಿಗೆ ಕೊಟ್ಟ.

ಆಟ ಶುರುವಾಯಿತು. ನಾನು ಸುಮ್ಮನೆ ಕೂತೆ. ನನ್ನ ಮೌನ ನಮ್ಮವರಿಗೆ ಗಾಬರಿ ಹುಟ್ಟಿಸಿತೆಂದು ಕಾಣುತ್ತದೆ. ಮಲ್ಲೇಶಿ ಅಂಚಿಗೆ ಚೆಂಡು ತರಲು ಬಂದವನು, "ಅಣ್ಣಾರ, ಆರಾಮ ಇಲ್ಲೇನ್ರಿ?" ಎಂದು ಕೇಳಿ ಹೋದ. ಅವನು ಎಂದಿನಂತೆ ಗೋಲು ಹೊಡೆಯುವ ಎರಡು ಅವಕಾಶಗಳನ್ನು ಸಂಕೋಚದಿಂದ ಪಕ್ಕದವರಿಗೆ ದಾಟಿಸಿ ಕೆಡಿಸಿದ. ಬ್ಯಾಡಗಿಯ ಜನ ವೀರೇಶನಿಗೆ, "ಮಾಸ್ತರ, ಪಾಠ ಹೇಳ್ರಿ!" ಎಂದು ಕಿಚಾಯಿಸಿದರು. ಅವನು ಕಿವಿಗೊಡಲಿಲ್ಲ. ಚೆಂಡು ಎಲ್ಲಿದ್ದರೂ ಅವನ ಮುಖ ಅತ್ತಲೇ ತಿರುಗುತ್ತಿತ್ತು, ಸೂರ್ಯಕಾಂತಿಯಂತೆ.

ಆಟ ಮುಗಿಯುವ ಹೊತ್ತಿಗೆ ಅವರ ಆಳೊಬ್ಬ ಮೈದಾನದ ನಡುವಿನಿಂದ ಎತ್ತಿ ಒದ್ದ. ಹಾವೇರಿಯಲ್ಲಿ ಬಂದಂಥದೇ ಚೆಂಡು, ಆದರೆ ಸಿಟ್ಟಿನದು. ವೀರೇಶ ಅದು ಕಾಲು ಬಿಟ್ಟಾಗಲೇ ಎರಡು ಹೆಜ್ಜೆ ಹಿಂದೆ ಸರಿದ, ಮೈ ಬಿಲ್ಲಿನಂತೆ ಬಾಗಿಸಿ ಗಾಳಿಯಲ್ಲಿ ಅಡ್ಡಲಾಗಿ ಚಾಚಿಕೊಂಡ, ಬಲಗೈಯ ಬೆರಳ ತುದಿಯಿಂದ ಚೆಂಡನ್ನು ತಡೆದು, ಬೀಳುವುದರೊಳಗೆ ಎದೆಗೆ ಅವಚಿಕೊಂಡ. ರೆಫ್ರಿ ಸೀಟಿ ಊದಿದ. ಸೊನ್ನೆಗೆ ಸೊನ್ನೆ. ಒಂದು ಸೊನ್ನೆಗಾಗಿ ಜನ ಅಷ್ಟು ಕುಣಿದದ್ದನ್ನು ನಾನು ಕಂಡಿಲ್ಲ. ರಫೀಕ್ ವೀರೇಶನನ್ನು ಹೆಗಲಿಗೇರಿಸಿಕೊಂಡ. ಗಿರಿಜಾ ಅಳುತ್ತ ನಗುತ್ತಿದ್ದಳು, ಮೆಣಸಿನಕಾಯಿಯ ಘಾಟು ಎಂದು ಸುಳ್ಳು ಹೇಳಿದಳು. ರುದ್ರಪ್ಪನವರು ನನ್ನತ್ತಲೇ ಬಂದು ಎರಡೂ ಕೈ ಹಿಡಿದರು. ಕನ್ನಡಕಕ್ಕಾಗಿ ನಾಲ್ಕು ಒಳ್ಳೆಯ ಮಾತು ಬರಬಹುದೆಂದು ನಾನು ಅಂಗಿ ಸರಿಮಾಡಿಕೊಂಡೆ. "ನೀವು ಇವತ್ತ ಸುಮ್ಮನ ಕುಂತಿದ್ದು ತಂಡಕ್ಕ ಭಾಳ ಅನುಕೂಲ ಆತ್ರಿ. ಮುಂದಿನ ವರ್ಷನೂ ಹಿಂಗಽ ಸೇವಾ ಮಾಡ್ರಿ" ಎಂದರು.

ಅಂದಿನಿಂದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಆ ಚೆಂಡು ಹಿಡಿದ ಬಗೆಯನ್ನು ನಾನು ಕೈಕಾಲು ಆಡಿಸಿ ವರ್ಣಿಸುತ್ತೇನೆ. ಎರಡು ಹೆಜ್ಜೆ, ಬಿಲ್ಲಿನಂಥ ಮೈ, ಬೆರಳ ತುದಿ, ಎಲ್ಲವನ್ನೂ. ಮೊನ್ನೆ ಹಾಗೆ ಹೇಳುತ್ತಿರುವಾಗ ವೀರೇಶ ಊಟದ ಡಬ್ಬಿ ತಂದವನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಗಿರಾಕಿ ಹೋದ ಮೇಲೆ ಮೆಲ್ಲಗೆ ಹತ್ತಿರ ಬಂದು, "ಮಾಮಾ, ಒಂದ್ ಮಾತು ಕೇಳಲೇನ್ರಿ?" ಎಂದ.

"ಕೇಳು."

"ಅವತ್ತ ಚೆಂಡು ಬರೋ ಮುಂದ ನಾ ಒಂದ್ ಸಲ ನಿಮ್ಮ ಕಡೆ ನೋಡಿದ್ನಿ. ಅಷ್ಟ ದೂರಿಂದ ನಿಮ್ಮ ಮಾರಿ ಕಂಡಿದ್ದು ಅವತ್ತಽ ಮೊದಲು. ಅಕ್ಕನ ಸೆರಗು ಹಿಡಕೊಂಡು, ಎರಡೂ ಕಣ್ಣು ಗಟ್ಟಿ ಮುಚ್ಚಿಕೊಂಡು ಕುಂತಿದ್ರಿ. ಮತ್ತ ಇದನ್ನೆಲ್ಲಾ ಯಾವಾಗ ನೋಡಿದ್ರಿ?"

ಆ ಕನ್ನಡಕದ ನಂಬರನ್ನು ಅಷ್ಟು ಸರಿಯಾಗಿ ಹಾಕಬಾರದಿತ್ತು.