ಪರಮಶಿವಪ್ಪನವರು ಒಂದು ದಿನದ ಮಟ್ಟಿಗೆ ಬಡವರಾದದ್ದು

ಶಿಕಾರಿಪುರದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದ ಪರಮಶಿವಪ್ಪನವರಿಗೆ ತುರ್ತಾಗಿ ಒಂದು ಹರಿದ ಅಂಗಿ ಬೇಕಾಗಿತ್ತು. ಮನೆಯೆಲ್ಲ ಜಾಲಾಡಿದರೂ ಸಿಗಲಿಲ್ಲ. ಹಳೆಯ ಬಟ್ಟೆಗಳನ್ನೆಲ್ಲ ಮಡದಿ ರಾಜೇಶ್ವರಮ್ಮ ಬೀದಿಗೆ ಬರುವ ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ಮಾಡಿಕೊಂಡಿದ್ದರು. (ಪರಮಶಿವಪ್ಪನವರ ಮದುವೆಯ ಪಂಚೆ ಈಗ ಸಾಸಿವೆ ಡಬ್ಬಿಯಾಗಿ ಅವತಾರವೆತ್ತಿ ಅಡುಗೆಮನೆಯಲ್ಲಿ ಕೂತಿದೆ.)

“ಅಂಗಡಿ ತುಂಬ ಹೊಸ ಬಟ್ಟೆ ಇಟ್ಕೊಂಡು ಹರಿದದ್ದು ಯಾಕ್ರೀ ನಿಮಗೆ?” ಎಂದರು ರಾಜೇಶ್ವರಮ್ಮ.

“ನಾಳೆ ಗಂಗಾಶ್ರೀ ಸ್ಕಾಲರ್‌ಶಿಪ್ ವಿಚಾರಕ್ಕೆ ಸೊರಬಕ್ಕೆ ಹೋಗ್ಬೇಕಲ್ಲ. ಈ ಇಸ್ತ್ರಿ ಅಂಗಿ, ಈ ಉಂಗುರ ನೋಡಿದ್ರೆ ಯಾರು ಕೊಡ್ತಾರೆ?”

ಮಗಳು ಗಂಗಾಶ್ರೀ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೇಳು ತೆಗೆದಿದ್ದಳು. ಬಿ.ಎಸ್ಸಿ. ಓದಲು ಅರ್ಜಿ ಹಾಕಿದ್ದ ವಿಶ್ವವಿದ್ಯಾಲಯದ ಮೆರಿಟ್ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಈ ಭಾಗದ ಮಕ್ಕಳ ದಾಖಲೆಗಳನ್ನು ಸೊರಬದ ಒಂದು ಕಾಲೇಜಿನಲ್ಲಿ ಪರಿಶೀಲಿಸುತ್ತಿದ್ದರು. ನಾಳೆಯೇ ಕಡೆಯ ದಿನ.

“ಅಪ್ಪಾ, ಅದು ಅಂಕ ನೋಡಿ ಕೊಡೋದು, ಅಂಗಿ ನೋಡಿ ಅಲ್ಲ,” ಎಂದಳು ಗಂಗಾಶ್ರೀ, ಆ ದಿನ ನಾಲ್ಕನೆಯ ಸಲ.

“ನಿನಗೆ ಲೋಕ ಗೊತ್ತಿಲ್ಲವ್ವ. ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಕೊಟ್ರೇಶಿಗೆ ಸ್ಕಾಲರ್‌ಶಿಪ್ ಬಂತು. ಯಾಕೆ? ಅವನ ಚಡ್ಡಿಗೆ ಎರಡು ತೂತು ಇದ್ವು. ನಂದು ಗಟ್ಟಿ ಇತ್ತು, ನನಗೆ ಬರಲಿಲ್ಲ.”

“ನಿಮಗೆ ಮಾರ್ಕ್ಸ್ ಎಷ್ಟು ಬಂದಿತ್ರೀ?” ಎಂದು ರಾಜೇಶ್ವರಮ್ಮ ಕೇಳಿದರು.

“ಆ ಮಾತು ಈಗ್ಯಾಕೆ?” ಎಂದು ಪರಮಶಿವಪ್ಪನವರು ಬೈಕ್ ಹತ್ತಿ ಬಳ್ಳಿಗಾವಿಯ ತಮ್ಮ ಹೊಲಕ್ಕೆ ಹೊರಟೇಬಿಟ್ಟರು. ಅಲ್ಲಿ ಮೆಕ್ಕೆಜೋಳಕ್ಕೆ ಬರುವ ಗಿಳಿಗಳನ್ನು ಬೆದರಿಸಲು ನಿಲ್ಲಿಸಿದ್ದ ಬೆರ್ಚಪ್ಪನ ಮೈಮೇಲೆ ಒಂದು ಅಂಗಿ ಇತ್ತು. ಬಿಸಿಲಿಗೆ ಬಣ್ಣ ಹೋಗಿತ್ತು, ಬೆನ್ನಿಗೆ ಗಾಳಿಯಾಡುವಷ್ಟು ಕಿಂಡಿಗಳಿದ್ದವು, ಗುಂಡಿ ಇದ್ದದ್ದು ಒಂದೇ. ಹೇಳಿ ಮಾಡಿಸಿದಂತಿತ್ತು.

ಮರುದಿನ ಉಂಗುರ, ವಾಚು, ಮೊಬೈಲು, ಪರ್ಸು ಎಲ್ಲವೂ ಬೀರು ಸೇರಿದವು. ಜೇಬಿನಲ್ಲಿ ಬಸ್ಸಿನ ದುಡ್ಡು ಮಾತ್ರ. ಶಿರಾಳಕೊಪ್ಪ ದಾಟುವವರೆಗೂ ಗಂಗಾಶ್ರೀ ಅಪ್ಪನಿಂದ ಎರಡು ಸೀಟು ಹಿಂದೆಯೇ ಕೂತಿದ್ದಳು. ಬಸ್ ಹತ್ತುವಾಗಲೇ ಕಂಡಕ್ಟರು “ಏ, ಒಳಗೆ ನಡಿ” ಎಂದು ಗದರಿಸಿದಾಗ ಪರಮಶಿವಪ್ಪನವರಿಗೆ ಬೇಜಾರಾಗುವ ಬದಲು ಖುಷಿಯೇ ಆಯಿತು. ವೇಷ ಕೆಲಸ ಮಾಡುತ್ತಿತ್ತು!

ಕಾಲೇಜಿನ ಹಾಲ್‌ನಲ್ಲಿ ಅಧಿಕಾರಿ ಜ್ಯೋತಿಲಕ್ಷ್ಮಿ ಮೇಡಂ ಗಂಗಾಶ್ರೀಯ ಅಂಕಪಟ್ಟಿ ನೋಡಿ, “ತುಂಬಾ ಚೆನ್ನಾಗಿ ಓದಿದೀಯಮ್ಮ” ಎಂದು ಮುದ್ರೆ ಎತ್ತಿಕೊಂಡರು. ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಮುದ್ರೆ ಬಿದ್ದುಬಿಡುತ್ತಿತ್ತು. ಆದರೆ ಇಷ್ಟು ಕಷ್ಟಪಟ್ಟು ಸಂಪಾದಿಸಿದ ಬಡತನ ದಂಡವಾಗುವುದನ್ನು ನೋಡಿ ಪರಮಶಿವಪ್ಪನವರಿಂದ ಸುಮ್ಮನಿರಲಾಗಲಿಲ್ಲ.

“ಕೈ ಬಿಡಬೇಡ್ರಿ ತಾಯಿ. ಒಪ್ಪತ್ತಿನ ಊಟಕ್ಕೂ ಕಷ್ಟ ಐತ್ರಿ ನಮಗೆ.”

ಮೇಡಂ ಅವರ ಕೈ ಗಾಳಿಯಲ್ಲೇ ನಿಂತಿತು. ಅರ್ಜಿಯನ್ನು ಮತ್ತೆ ತಿರುವಿದರು. “ಇಲ್ಲಿ ತಂದೆಯ ಉದ್ಯೋಗ ಬಟ್ಟೆ ವ್ಯಾಪಾರ, ಸ್ವಂತ ಅಂಗಡಿ ಅಂತ ಬರೆದಿದೆ. ನೀವು ನೋಡಿದರೆ ಹೀಗಂತೀರಿ. ತಪ್ಪು ಮಾಹಿತಿ ಕೊಟ್ಟಿದ್ದರೆ ಅರ್ಜಿ ರದ್ದಾಗುತ್ತೆ. ಯಾವುದು ನಿಜ?”

ಗಂಗಾಶ್ರೀಯ ಕಣ್ಣು ತುಂಬಿಬಂತು. “ಅಪ್ಪಾ, ಇದು ನಾನು ಓದಿ ಗಳಿಸಿದ್ದು. ಬಡವರು ಅಂತ ಸುಳ್ಳು ಹೇಳಿ ಇಸ್ಕೊಂಡ್ರೆ ನಂದು ಹೆಂಗಾಗ್ತದೆ? ನಿಜ ಹೇಳಿಬಿಡು.”

ಎರಡು ವರ್ಷ ಈ ಹುಡುಗಿ ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ತೆರೆದಿಟ್ಟುಕೊಂಡು ಓದಿದ್ದು ಪರಮಶಿವಪ್ಪನವರ ಕಣ್ಣೆದುರು ಬಂತು. “ಅಂಗಡಿ ಐತ್ರಿ ಮೇಡಂ,” ಎಂದರು ಸಣ್ಣ ದನಿಯಲ್ಲಿ. “ದೊಡ್ಡದೇ ಐತೆ. ಎರಡು ಮಹಡಿ.”

ಮೇಡಂ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. ಬಟ್ಟೆ ವ್ಯಾಪಾರಿ ಎಂದರೆ ಯಾರು ತಾನೇ ನಂಬುತ್ತಾರೆ?

ಅಷ್ಟರಲ್ಲಿ ಬಾಗಿಲಲ್ಲಿ ಬೆನಕಪ್ಪ ಕಾಣಿಸಿಕೊಂಡ. ಕುಬಟೂರಿನಲ್ಲಿರುವ ರಾಜೇಶ್ವರಮ್ಮನ ತಮ್ಮ. ಅಕ್ಕನ ಮಗಳು ಸೊರಬಕ್ಕೆ ಬಂದಿದ್ದಾಳೆಂದು ಬುತ್ತಿ ಹಿಡಿದು ಬಂದಿದ್ದ. ಪರಮಶಿವಪ್ಪನವರಿಗೆ ಹೋದ ಜೀವ ಬಂದಂತಾಯಿತು. “ಇವನು ನನ್ನ ಭಾಮೈದ, ಇವನನ್ನೇ ಕೇಳ್ರಿ! ಹೇಳೋ ಬೆನಕಪ್ಪ, ನಮ್ಮ ಪರಿಸ್ಥಿತಿ ಹೆಂಗೈತಿ ಅಂತ!”

ಬೆನಕಪ್ಪ ಭಾವನ ಅಂಗಿ ನೋಡಿದ, ಹವಾಯಿ ಚಪ್ಪಲಿ ನೋಡಿದ, ಅಳುತ್ತಿದ್ದ ಹುಡುಗಿಯನ್ನು ನೋಡಿದ. ಬುತ್ತಿ ಕೆಳಗಿಟ್ಟು ಕೈ ಮುಗಿದ. “ಎಂತ ಹೇಳಲಿ ಮೇಡಂ... ಹೋದ ತಿಂಗಳವರೆಗೂ ಚೆನ್ನಾಗೇ ಇದ್ರು. ಹೀಗೆ ಪೂರ್ತಿ ಮುಳುಗಿದ್ದು ನಂಗೂ ಗೊತ್ತಿರ್ಲಿಲ್ಲ. ದೊಡ್ಡ ಮನಸ್ಸು ಮಾಡಿ. ಅಕ್ಕಿ ನಾನು ಕೊಡ್ತೆ ಭಾವ, ಹೆದರಬೇಡಿ.”

“ಏ ಮುಳುಗಿಲ್ಲ ಮಾರಾಯ!”

“ಮರ್ಯಾದಸ್ಥರು, ಒಪ್ಕಳದಿಲ್ಲ,” ಎಂದು ಬೆನಕಪ್ಪ ಮೇಡಂಗೆ ಪಿಸುಗುಟ್ಟಿದ.

ಇನ್ನು ಈ ಗಂಡಸರನ್ನು ನಂಬಿದರೆ ಡಿಗ್ರಿ ಆದ ಹಾಗೇ ಎಂದು ಗಂಗಾಶ್ರೀ ಕಣ್ಣೊರೆಸಿಕೊಂಡು ಮೊಬೈಲ್ ತೆಗೆದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಗಲ್ಲಾದ ಮುಂದೆ ಕೂತಿದ್ದ ರಾಜೇಶ್ವರಮ್ಮ ವಿಷಯ ಕೇಳಿ ಎದ್ದು ಅಂಗಡಿಯ ಬೋರ್ಡು, ಸೀರೆಯ ಸಾಲು, ಮಹಡಿಯ ಮೆಟ್ಟಿಲು, ಗೋಡೆಯ ಮೇಲೆ ಶಾಲು ಹೊದ್ದು ನಿಂತ ಪರಮಶಿವಪ್ಪನವರ ಫೋಟೊ, ಎಲ್ಲವನ್ನೂ ತೋರಿಸಿದರು.

“ಆ ಅಂಗಿ ನಮ್ಮ ಹೊಲದ ಬೆರ್ಚಪ್ಪಂದು ಮೇಡಂ,” ಎಂದರು. “ಒಳಗಿರೋರು ನಮ್ಮನೆಯೋರು.”

ಹಾಲ್‌ಗೆ ಹಾಲ್ ನಕ್ಕಿತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮುದ್ರೆ ಒತ್ತಿಯೇಬಿಟ್ಟರು. “ಇದಕ್ಕೆ ನಾವು ಆದಾಯ ಕೇಳೋದೇ ಇಲ್ಲ ಯಜಮಾನರೇ. ಮೂರು ವರ್ಷದ ಕಾಲೇಜು ಫೀಸು, ಪರೀಕ್ಷೆ ಫೀಸು, ಹಾಸ್ಟೆಲ್ಲು, ಊಟ, ಎಲ್ಲ ವಿಶ್ವವಿದ್ಯಾಲಯದ್ದೇ. ಪುಸ್ತಕದ ದುಡ್ಡು ವರ್ಷಕ್ಕೊಂದು ಸಲ ಮಗಳ ಖಾತೆಗೇ ಬರುತ್ತೆ. ಪ್ರತಿ ಸೆಮಿಸ್ಟರ್‌ನಲ್ಲೂ ನೂರಕ್ಕೆ ಎಪ್ಪತ್ತೈದಕ್ಕಿಂತ ಕಡಿಮೆ ಆಗಬಾರದು, ಅಷ್ಟೇ.”

“ಆಗಲ್ಲ ಮೇಡಂ,” ಎಂದಳು ಗಂಗಾಶ್ರೀ. ಆ ಎರಡು ಮಾತಿನಲ್ಲಿದ್ದ ಗಟ್ಟಿತನಕ್ಕೆ ಪರಮಶಿವಪ್ಪನವರ ಎದೆ ಉಬ್ಬಿತು. (ಇದ್ದ ಒಂದು ಗುಂಡಿಯೂ ಆಗಲೇ ಕಿತ್ತುಬಂತು.)

ಹಾಗೆ ಎದೆ ಬಿಟ್ಟುಕೊಂಡು ಬಸ್ ಹತ್ತುವುದು ಹೇಗೆ? ಬೆನಕಪ್ಪ ಭಾವನನ್ನು ಸೊರಬದ ಒಂದು ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋದ. ಪರಮಶಿವಪ್ಪನವರ ಜನ್ಮದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಬೇರೆಯವರ ಅಂಗಡಿ, ಭಾಮೈದನ ದುಡ್ಡು! ಆದರೆ ಕೊಟ್ಟ ನೀಲಿ ಅಂಗಿ ಮೈಗೆ ಸೊಗಸಾಗಿ ಕೂತಿತು. ಬೆನಕಪ್ಪ ನಾಲ್ಕು ನೂರು ಎಣಿಸಿ ಕೊಟ್ಟ.

ಸ್ಕಾಲರ್‌ಶಿಪ್ ಸಿಕ್ಕ ಸಂತೋಷದಲ್ಲಿದ್ದ ಗಂಗಾಶ್ರೀ ಕಾಲರಿನ ಚೀಟಿ ನೋಡಿ, “ಅಪ್ಪಾ, ಇದೇ ಕಂಪನಿ ಅಂಗಿ ಅಲ್ವಾ ನಾವು ಏಳು ನೂರಕ್ಕೆ ಮಾರೋದು?” ಎಂದಳು.

ಹದಿನೆಂಟು ವರ್ಷದಿಂದ ಮನೆಮಂದಿಗೆಲ್ಲ ದೀಪಾವಳಿಯ ಬಟ್ಟೆಯನ್ನು ಭಾವನ ಅಂಗಡಿಯಲ್ಲೇ, ‘ನಮ್ಮವರ ರೇಟಿ’ನಲ್ಲೇ ಕೊಳ್ಳುತ್ತ ಬಂದಿದ್ದ ಬೆನಕಪ್ಪ ಮೆಲ್ಲಗೆ ಇತ್ತ ತಿರುಗಿದ.

“ಎಂತ ಹೇಳ್ತು ಭಾವ, ಕೂಸು?”

“ಏನಿಲ್ಲ, ಏನಿಲ್ಲ, ನಡೀರಿ, ಬಸ್ಸಿಗೆ ಹೊತ್ತಾಯ್ತು,” ಎಂದು ಪರಮಶಿವಪ್ಪನವರು ಅಂಗಡಿಯ ಮೆಟ್ಟಿಲು ಇಳಿದರು. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. ನಿಲ್ದಾಣದ ಬೆಂಚಿನಲ್ಲಿ ಬೆನಕಪ್ಪ ಭಾವನ ಪಕ್ಕದಲ್ಲೇ ಬಂದು ಕೂತ.