ಊರಿನ ಪರವಾಗಿ ಒಬ್ಬ ರೋಗಿ

ಸಮುದಾಯ ಆಧಾರಿತ ದೀರ್ಘಕಾಲೀನ ರೋಗ ಆರೈಕೆ ಯೋಜನೆಯಡಿ ನಮ್ಮ ಊರಿಗೆ ಒಂದು ಬಿಪಿ ಯಂತ್ರವೂ ಒಬ್ಬರಿಗೆ ಸಾಲುವಷ್ಟು ಮಾತ್ರೆಗಳೂ ಮಂಜೂರಾಗಿವೆ ಎಂದು ತಿಳಿಸಲು ಸಮಿತಿಯ ಕಾರ್ಯದರ್ಶಿಯಾದ ನನಗೆ ಹೆಮ್ಮೆಯಾಗುತ್ತದೆ. ಬಿಪಿ ಇರುವವರು ಊರ ತುಂಬ ಇದ್ದಾರೆ. ಆದ್ದರಿಂದ ಊರಿನ ಪರವಾಗಿ ಒಬ್ಬ ರೋಗಿಯನ್ನು ಚುನಾಯಿಸಿ, ಎಲ್ಲರ ಚಿಕಿತ್ಸೆಯನ್ನೂ ಅವರ ಮೂಲಕವೇ ಪಡೆಯತಕ್ಕದ್ದು ಎಂದು ಯೋಜನಾಧಿಕಾರಿಗಳು ಆದೇಶಿಸಿದರು.

"ಮೀಟಿಂಗಿಗೆ ಊರಿಗೆ ಊರೇ ಬರುತ್ತಾ? ಒಬ್ಬರನ್ನ ಕಳಿಸ್ತೀರಿ ತಾನೇ? ಇದೂ ಹಾಗೇ," ಎಂದು ಅವರು ವಿವರಿಸಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಇಬ್ಬರು ಸ್ಪರ್ಧಿಸಿದರು. ಒಬ್ಬರು ಬಟ್ಟೆ ಹೊಲಿಯುವ ಹೊಲಿಗೆಯಕ್ಕ, ನಾಲ್ಕು ಹೆಜ್ಜೆ ನಡೆದರೆ ತಲೆ ಸುತ್ತಿ ಗೋಡೆ ಹಿಡಿಯುವವರು. ಇನ್ನೊಬ್ಬರು ಹಿಟ್ಟಿನ ಗಿರಣಿಯ ಯಜಮಾನರು, ಮೂಟೆ ಹೊತ್ತುಕೊಂಡೇ ಸಿಳ್ಳೆ ಹಾಕುವವರು.

"ನನಗೆ ನಿಜವಾಗ್ಲೂ ಬಿಪಿ ಇದೆ. ಮಾತ್ರೆ ಸಿಗದಿದ್ರೆ ಒಂದಿನ ಬಿದ್ದೇ ಹೋಗ್ತೀನಿ," ಎಂದು ಅಕ್ಕ ಮನೆಮನೆಗೆ ಹೋಗಿ ಹೇಳಿದರು. ಇಂಥ ಸ್ವಾರ್ಥ ಕಂಡು ನನಗೆ ಬೇಸರವಾಯಿತು.

"ನಿಮ್ಮ ಕಾಯಿಲೇನೇ ನಿಮಗೆ ಹೊರೋಕಾಗ್ತಿಲ್ಲ, ಊರಿನ ಕಾಯಿಲೆ ಹೊರ್ತೀರಾ ಅಕ್ಕಾ?" ಎಂದು ಕ್ಷೌರದಂಗಡಿಯವನು ಕೇಳಿದ. ನ್ಯಾಯವಾದ ಪ್ರಶ್ನೆ. ಯಜಮಾನರು ಭಾರಿ ಬಹುಮತದಿಂದ ಗೆದ್ದರು.

ಅಂದಿನಿಂದ ಪ್ರತಿ ಬೆಳಿಗ್ಗೆ ಯಜಮಾನರ ಬಿಪಿ ನೋಡಿ ಧ್ವನಿವರ್ಧಕದಲ್ಲಿ ಸಾರುತ್ತೇನೆ: "ಸಾರ್ವಜನಿಕರ ಗಮನಕ್ಕೆ. ಇಂದು ತಮ್ಮೆಲ್ಲರ ಬಿಪಿ ಸರಿಯಾಗಿದೆ." ಊರು ನೆಮ್ಮದಿಯಿಂದ ಊಟಕ್ಕೆ ಇನ್ನೊಂದಿಷ್ಟು ಉಪ್ಪು ಹಾಕಿಕೊಳ್ಳುತ್ತದೆ.

ಮೊನ್ನೆ ಹೊಲಿಗೆಯಕ್ಕ ಹೊಲಿಯುತ್ತಿದ್ದಲ್ಲೇ ಕುಸಿದರು. ಅವರ ಗಂಡ ಎದ್ದೆನೋ ಬಿದ್ದೆನೋ ಎಂದು ಗಿರಣಿಗೆ ಓಡಿಬಂದ. ಯಜಮಾನರು ಕರ್ತವ್ಯಕ್ಕೆ ಬೆನ್ನು ತೋರಿಸುವವರಲ್ಲ. ಗಿರಣಿ ನಿಲ್ಲಿಸಿ ತಕ್ಷಣ ಮಂಚದ ಮೇಲೆ ಮಲಗಿದರು. ನಾನು ಮಾತ್ರೆ ನುಂಗಿಸಿದೆ, ಕ್ಷೌರದಂಗಡಿಯವನು ಗಾಳಿ ಬೀಸಿದ. ಇಲ್ಲದ ಬಿಪಿಗೆ ಮಾತ್ರೆ ನುಂಗಿ ನುಂಗಿ ಯಜಮಾನರಿಗೂ ತಲೆ ಸುತ್ತತೊಡಗಿತು. ಆ ನಿಷ್ಠೆ ಕಂಡು ನನ್ನ ಕಣ್ಣು ತುಂಬಿ ಬಂತು.

"ನನ್ನ ಹೆಂಡತಿ ಅಲ್ಲಿ ನೆಲದ ಮೇಲೆ ಬಿದ್ದಿದ್ದಾಳೆ ಸಾರ್," ಎಂದ ಗಂಡ.

"ಗೊತ್ತು ಕಣಪ್ಪ. ಅದಕ್ಕೇ ತಾನೇ ನಾವು ಇಷ್ಟೆಲ್ಲ ಒದ್ದಾಡ್ತಿರೋದು," ಎಂದೆ.

ಸಂಜೆ ಹೊಲಿಗೆಯಕ್ಕ ಗಂಡನ ಹೆಗಲಿಗೆ ಒರಗಿಕೊಂಡು ಯಜಮಾನರನ್ನು ನೋಡಲು ಬಂದರು. ಬಲಗೈ ಏಳುತ್ತಿರಲಿಲ್ಲ. ಎಡಗೈಯಲ್ಲಿ ಗಂಜಿಯ ಪಾತ್ರೆ ಇತ್ತು.

"ಪಾಪ, ನನ್ನಿಂದ ನಿಮಗೆಷ್ಟು ತೊಂದ್ರೆ ಆಯ್ತಣ್ಣ," ಎಂದರು.

"ಇರಲಿ ಬಿಡಮ್ಮ. ಈಗ ನಿನಗೆ ವಾಸಿಯಾಗಿರಬೇಕು," ಎಂದರು ಯಜಮಾನರು.

ಅಕ್ಕ ನನ್ನ ಮುಖ ನೋಡಿದರು. ನಾನು ಯಂತ್ರದ ಪಟ್ಟಿಯನ್ನು ಯಜಮಾನರ ತೋಳಿಗೆ ಸುತ್ತಿ ನೋಡಿ, ಅಕ್ಕನಿಗೆ ಪೂರ್ತಿ ವಾಸಿಯಾಗಿದೆ ಎಂದು ಘೋಷಿಸಿದೆ. ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕನೂ ಪಾತ್ರೆಯನ್ನು ಕೆಳಗಿಟ್ಟು, ಎಡಗೈಯಿಂದ ಮಂಚದ ಅಂಚನ್ನು ತಟ್ಟಿದರು.