ಊಟದ ಮೇಜಿನಿಂದ ಹೊರಟ ದಂಡಯಾತ್ರೆ

ಈ ಕ್ರಿಸ್‌ಮಸ್ ರಜೆ ಮುಗಿಯುವುದರೊಳಗೆ ಯಾರೂ ಕಾಲಿಡದ ನೆಲಕ್ಕೆ ನನ್ನ ಹೆಸರಿಟ್ಟೇ ತೀರುತ್ತೇನೆ! ಹೀಗೆಂದು ನಾನು, ಮೂಂಟಾ ಊರಿನ ಲೈಲ್ ಟ್ರೆಗೆನ್ಜಾ, ಫ್ರಿಜ್ ರಿಪೇರಿ ಕೆಲಸದಿಂದ ನಿವೃತ್ತನಾದವನು, ಊಟದ ಮೇಜಿನ ಮುಂದೆ ಎದ್ದು ನಿಂತು, ಟೀ ಚಮಚವನ್ನು ಖಡ್ಗದ ಹಾಗೆ ಎತ್ತಿ ಹಿಡಿದು ಘೋಷಿಸಿದೆ.

"ಮೊದಲು ಆ ಚಮಚ ತೊಳೆದಿಡು," ಅಂದಳು ನನ್ನ ಹೆಂಡತಿ ನೋಲಿನ್.

ಮಹಾನ್ ಶೋಧಕರ ಹೆಂಡತಿಯರೆಲ್ಲ ಹೀಗೇ ಮಾತಾಡಿರಬೇಕು. ಅದಕ್ಕೇ ಅವರೆಲ್ಲ ಹಡಗು ಹತ್ತಿ ಓಡಿಹೋದದ್ದು!

ನಮ್ಮ ದೇಶದಲ್ಲಿ ಕ್ರಿಸ್‌ಮಸ್ ಬರುವುದೇ ಬೇಸಿಗೆಯಲ್ಲಿ. ಪ್ರತಿ ಬೇಸಿಗೆಯಲ್ಲೂ ನಾವು ಕಾರಿನ ಹಿಂದೆ ಗಾಲಿಯ ಮೇಲಿನ ಮನೆಯಂಥ ಕ್ಯಾರವಾನ್ ಸಿಕ್ಕಿಸಿಕೊಂಡು ಊರೂರು ಸುತ್ತಲು ಹೊರಡುವವರು. ಈ ಸಲ ನೋಲಿನ್‌ಳ ಮಂಡಿಗೆ ಆಪರೇಷನ್ ಆಗಿತ್ತು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಕಾರು ಬೇಡ, ಕ್ಯಾರವಾನ್ ಬೇಡ, ಬೆಟ್ಟ ಗುಡ್ಡ ಅಂತ ಕನಸಲ್ಲೂ ಬೇಡ. ನಡೆಯುವುದೆಂದರೆ ಪ್ರಾಣ ಬಿಡುವ ಹೆಂಗಸು ಕುರ್ಚಿಯಲ್ಲಿ ಕೂತು ಕಿಟಕಿಯಾಚೆಯ ಗೋಧಿ ಹೊಲವನ್ನೇ ದಿಟ್ಟಿಸುತ್ತಿದ್ದಳು. ನೋಡಲಾಗದೆ ನಾನು ಎರಡು ಲ್ಯಾಪ್‌ಟಾಪ್ ಹೊಂದಿಸಿ, ಊಟದ ಮೇಜಿನ ಮೇಲಿಟ್ಟು, 'ಅಂಚಿಲ್ಲದ ನಾಡು' ಎಂಬ ಆನ್‌ಲೈನ್ ಆಟಕ್ಕೆ ಇಬ್ಬರ ಹೆಸರನ್ನೂ ಸೇರಿಸಿದೆ.

ಲಕ್ಷಾಂತರ ಜನ ಅವರವರ ಮನೆಯಲ್ಲೇ ಕೂತು ಒಂದೇ ಮಾಯಾನಾಡಿನಲ್ಲಿ ಅಲೆಯುವ ಆಟ ಅದು. ಯಾರೂ ಹೋಗದ ಕಡೆ ಭೂಪಟದಲ್ಲಿ ಬರೀ ಮಂಜು. ಅಲ್ಲಿ ಮೊದಲು ಕಾಲಿಟ್ಟವರು ಇಟ್ಟದ್ದೇ ಹೆಸರು! ಸತ್ತರೆ ಮಾತ್ರ ಗಂಟುಮೂಟೆಯೆಲ್ಲ ಹೋಗಿ, ಶುರುವಿನ ಹಳ್ಳಿಯಿಂದ ಬರಿಗೈಯಲ್ಲಿ ಮತ್ತೆ ಹೊರಡಬೇಕು.

ನನ್ನ ಪಾತ್ರಕ್ಕೆ ನಾನು ಆರೂವರೆ ಅಡಿ ಎತ್ತರ, ಕಬ್ಬಿಣದಂಥ ತೋಳು, ಚಿನ್ನದ ಅಂಚಿನ ಕೆಂಪು ನಿಲುವಂಗಿ ಆರಿಸಿಕೊಂಡೆ. ಹೆಸರು 'ದಿಗ್ವಿಜಯಿ'. ನೋಲಿನ್ ಒಂದೊಂದು ಪಾತ್ರವನ್ನೂ ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ಇದರಲ್ಲಿ ಮಂಡಿ ಗಟ್ಟಿ ಇರೋದು ಯಾವುದು?"

"ಮಂಡಿ ಯಾಕೆ? ಸೌಂದರ್ಯ ನೋಡು, ಶಕ್ತಿ ನೋಡು!"

"ನನಗೆ ಮಂಡಿ ಸಾಕು."

ಗಿಡ್ಡಗೆ, ಗುಂಡಗೆ, ಒಲೆಯಂಥ ಮುಖದ ಒಬ್ಬ ಗುಡ್ಡಗಾಡು ಹೆಂಗಸನ್ನು ಆರಿಸಿಕೊಂಡಳು. ಹೆಸರು? ನೋಲಿನ್! ಕಲ್ಪನಾಶಕ್ತಿ ಅಂದರೆ ಅಷ್ಟು! ಆಟ ಶುರುವಾದ ಕೂಡಲೆ ಆ ಗುಂಡು ಹೆಂಗಸು ಎದುರಿನ ಗುಡ್ಡವನ್ನು ಓಡಿ ಹತ್ತಿದಳು. ಇಳಿದಳು. ಮತ್ತೆ ಹತ್ತಿದಳು.

"ಅಲ್ಲೇನಿದೆ ಅಂತ ಹತ್ತಿ ಇಳೀತಿದ್ದೀಯ? ನಿಧಿ ಇದೆಯಾ?"

"ಸುಮ್ನಿರು ಲೈಲ್," ಅಂದಳು, ಕಣ್ಣು ಪರದೆಯಿಂದ ಕೀಳದೆ. "ಓಡ್ತಿದ್ದೀನಿ."

ನಾನು ಸುಮ್ಮನಾದೆ. ಮದುವೆಯಾದಾಗಿನಿಂದ ನಾನು ಮಾಡಿದ ಬುದ್ಧಿವಂತ ಕೆಲಸಗಳಲ್ಲಿ ಅದೊಂದು. ಮಿಕ್ಕವು ನೆನಪಾಗುತ್ತಿಲ್ಲ.

ಹೀಗೆ ಕೆಲವು ವಾರ ಪಳಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮಹಾಯಾತ್ರೆಗೆ ಮುಹೂರ್ತ ಇಟ್ಟೆ. ಭೂಪಟದ ವಾಯವ್ಯ ಮೂಲೆಯ ಮಂಜಿಗೆ ನುಗ್ಗುವುದು! ಹೊರಗೆ ಬಿಸಿಲು ಕೆಂಡ. ಕಿಟಕಿಗಳೆಲ್ಲ ತೆರೆದಿದ್ದವು. ನೋಲಿನ್ ಬೆಳಿಗ್ಗೆಯೇ ಕೂತಲ್ಲೇ ಕಣಕ ನಾದಿ, ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ಕರಿಗಡುಬಿನ ಹಾಗೆ ಅಂಚು ಹೆಣೆದು, ನಮ್ಮ ಮನೆತನದ ಪಾಸ್ಟಿಗಳನ್ನು ಮಾಡಿ ಕೊಟ್ಟಿದ್ದಳು. ಅವನ್ನು ಓವನ್‌ನಲ್ಲಿಟ್ಟು ನೋಡಿಕೊಳ್ಳುವ ಸಣ್ಣ ಜವಾಬ್ದಾರಿ ಮಾತ್ರ ನನ್ನದು.

"ಮರೀಬೇಡ!"

"ಖಂಡಗಳನ್ನೇ ಗೆಲ್ಲೋನಿಗೆ ಕಡುಬು ಯಾವ ಲೆಕ್ಕ!"

ಯಾತ್ರೆಯ ಏರ್ಪಾಡು ಹೀಗಿತ್ತು: ಖಡ್ಗ, ಭೂಪಟ, ನಾಯಕತ್ವ ನನ್ನವು. ಡೇರೆ, ಹಗ್ಗ, ದೋಣಿ, ಅಡುಗೆ ಪಾತ್ರೆ, ಔಷಧ, ಚಳಿಗೆ ಕಂಬಳಿ ಅವಳವು. ಕ್ಯಾರವಾನ್ ಯಾತ್ರೆಯಲ್ಲೂ ಇದೇ ಪದ್ಧತಿ. ಕಾಡು ದಾಟಿದೆವು, ಮೂರು ತಲೆಯ ಹಂದಿಯಿಂದ ತಪ್ಪಿಸಿಕೊಂಡೆವು, ಯಾರೂ ನೋಡದ ನೀಲಿ ಮರಗಳ ತೋಪಿನಲ್ಲಿ ಹಾದೆವು. ಆಮೇಲೆ ದಾರಿ ಕವಲೊಡೆಯಿತು.

"ಎಡಕ್ಕೆ," ಅಂದಳು ನೋಲಿನ್. "ಹಕ್ಕಿಗಳು ಆ ಕಡೆ ಹಾರ್ತಿವೆ ನೋಡು. ಕಡಲ ಹಕ್ಕಿ."

"ನಾಯಕ ಯಾರು?"

"ಪಕ್ಕದೂರು ವಾಲರೂಗೆ ಅಂತ ಹೊರಟು ಯಾರದೋ ಬಾರ್ಲಿ ಹೊಲದ ಮಧ್ಯೆ ಕ್ಯಾರವಾನ್ ನಿಲ್ಲಿಸಿದನಲ್ಲ, ಅವನು."

ಹಳೇ ಗಾಯಕ್ಕೆ ಉಪ್ಪು! ಗಂಡಸಿನ ಸ್ವಾಭಿಮಾನ ಎದ್ದು ಕೂತಿತು. ಬಲಕ್ಕೆ ನಡೆದೆ. ಅವಳು ಗೊಣಗುತ್ತ ಹಿಂದೆ ಬಂದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಸಿರು ಹಾಸಿನಂಥ ಬಯಲು. ನನ್ನ ಆರೂವರೆ ಅಡಿ ದಿಗ್ವಿಜಯಿ ಒಂದೇ ಜಿಗಿತಕ್ಕೆ ಆಚೆ ದಡ ಸೇರಿದ. ಹಿಂದೆ 'ಗುಳುಂ' ಅಂತ ಶಬ್ದ. ಬಯಲಲ್ಲ, ಕೆಸರು! ಸಂಸಾರದ ಸಾಮಾನೆಲ್ಲ ಬೆನ್ನಿಗೆ ಹೊತ್ತ ನೋಲಿನ್ ಸೊಂಟದ ತನಕ ಹೂತಿದ್ದಳು.

"ಎಡಕ್ಕೆ ಹೋಗು ಅಂದ್ರೆ ಎಡವಟ್ಟು ಮಾಡಿದೆಯಲ್ಲೋ! ಎಳಿ ನನ್ನ!"

"ಹಗ್ಗ ಎಸಿ, ಎಳೀತೀನಿ!"

"ಹಗ್ಗ ನನ್ನ ಮೂಟೆ ತಳದಲ್ಲಿದೆ, ಮೂಟೆ ಕೆಸರಿನ ತಳದಲ್ಲಿದೆ!"

ಮೇಲಿನ ಬಾಣದ ಕೀಲಿ ಒತ್ತಿಹಿಡಿದರೆ ಮಾತ್ರ ಅವಳು ತೇಲುತ್ತಿದ್ದಳು. ಬೆರಳೆತ್ತಿದರೆ ಮುಳುಗು. ಇಷ್ಟು ವಾರ ಗಟ್ಟಿ ಮಂಡಿಯಲ್ಲಿ ನಡೆದು ಬಂದ ದಾರಿಯೆಲ್ಲ ಮಣ್ಣುಪಾಲು! ಅವಳ ಮುಖ ನಿಜಕ್ಕೂ ಬಿಳುಚಿಕೊಂಡಿತ್ತು. ನಾನು ಧೈರ್ಯಗೆಡದೆ ದಡದ ಮರವೊಂದನ್ನು ಖಡ್ಗದಿಂದ ಕಡಿದೆ, ಹಿಡಿದುಕೊಳ್ಳಲಿ ಅಂತ. ಮರ ಬಿತ್ತು. ಸರಿಯಾಗಿ ಅವಳ ತಲೆ ಮೇಲೆ!

"ಅಯ್ಯೋ! ಕೊಂದೇಬಿಟ್ಟ! ಮುಳುಗ್ತಿದ್ದೀನಿ! ಯಾರಾದ್ರೂ ಬನ್ನಿ!"

ತೆರೆದ ಕಿಟಕಿಯಿಂದ ಆ ಕೂಗು ಬೀದಿಗೆಲ್ಲ ಕೇಳಿಸಿತು. ಅದೇ ಕ್ಷಣಕ್ಕೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಕಪ್ಪು ಹೊಗೆಯೂ ಹೊರಟಿತ್ತಂತೆ. 'ಅಂತೆ' ಅಂದೆ, ಯಾಕೆಂದರೆ ನಾನದನ್ನು ನೋಡಿರಲಿಲ್ಲ. ಎದುರುಮನೆಯವರು ನೋಡಿದರು, ಫೋನ್ ಮಾಡಿದರು. ಊರಿನ ಸೈರನ್ ಬೋರಾಡಿತು.

ನಮ್ಮೂರಿನ ಅಗ್ನಿಶಾಮಕ ದಳ ಅಂದರೆ ಊರವರೇ, ಸಂಬಳವಿಲ್ಲದ ಸ್ವಯಂಸೇವಕರು. ದಳದ ಮುಖ್ಯಸ್ಥೆ ಬೇಕರಿಯ ಗ್ವೆಂಡಾ ಪೆನ್‌ಹೇಲ್. ಅವಳ ಬಲಗೈ ಕೆವರ್ನ್, ಬಾಗಿಲಿನಷ್ಟೇ ಅಗಲದ ಮನುಷ್ಯ, ವೃತ್ತಿಯಲ್ಲಿ ಕುರಿ ಉಣ್ಣೆ ಕತ್ತರಿಸುವವನು. ಹೆಲ್ಮೆಟ್ಟು, ಬೂಟು, ಪೈಪು ಸಮೇತ ಇಬ್ಬರೂ ನುಗ್ಗಿದರು.

"ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ದಾರಾ?" ಗ್ವೆಂಡಾ ಗುಡುಗಿದಳು.

"ನಾನು!" ಅಂದಳು ನೋಲಿನ್. "ಕುತ್ತಿಗೆ ತನಕ ಕೆಸರಲ್ಲಿದ್ದೀನಿ!"

ಗ್ವೆಂಡಾ ಅವಳ ಕೆಸರಿನ ಕಲೆಯೇ ಇಲ್ಲದ ಫ್ರಾಕನ್ನು, ಚಪ್ಪಲಿಯನ್ನು ನೋಡಿ ನನ್ನ ಕಡೆ ತಿರುಗಿದಳು. "ಹೊಗೆ ತಲೆಗೆ ಹತ್ತಿದೆ ಪಾಪ. ಕೆವರ್ನ್, ಆಚೆ ಕರ್ಕೊಂಡು ಹೋಗು. ನಾನು ಕರೆಂಟ್ ತೆಗೀತೀನಿ."

"ಕರೆಂಟ್ ತೆಗೆದ್ರೆ ನಾನು ಸಾಯ್ತೀನಿ!"

ಕೆವರ್ನ್ ಗಾಬರಿಯಾದ. "ಲೈಲ್, ಆಪರೇಷನ್ ಮಂಡಿಗೆ ಅಲ್ವಾ ಆಗಿದ್ದು? ಉಸಿರಾಟಕ್ಕೂ ಏನಾದ್ರೂ ಹಾಕಿದ್ದಾರಾ?"

ವಿವರಿಸಲು ಬಾಯಿ ತೆರೆದೆ. ಹೊಗೆ ಒಳಗೆ ಹೋಯಿತು. ಕೆಮ್ಮುತ್ತ ಪರದೆಯತ್ತ ಕೈ ತೋರಿಸಿದೆ. ಗ್ವೆಂಡಾ ಬಗ್ಗಿ ನೋಡಿದಳು. ಕೆಸರು, ಕೆಸರಿನಲ್ಲೊಂದು ತಲೆ, ತಲೆಯ ಮೇಲೊಂದು ಮರ.

"ಈ ಮರ ಅವಳ ಮೇಲೆ ಕೆಡವಿದ್ದು ಯಾರು?"

ನೋಲಿನ್ ಬೆರಳೆತ್ತದೆ ಗಲ್ಲದಿಂದಲೇ ನನ್ನನ್ನು ತೋರಿಸಿದಳು.

ಗ್ವೆಂಡಾ ಅಡುಗೆಮನೆಯ ಸ್ವಿಚ್ಚು ಮಾತ್ರ ಆರಿಸಿ, ಓವನ್‌ನೊಳಗಿನ ಬೆಂಕಿಗೆ ಹೊದಿಕೆ ಮುಚ್ಚಿ ಬಂದಳು. ಆದರೂ ಹೊಗೆಯಲ್ಲಿ ಕೂರುವ ಹಾಗಿಲ್ಲ ಅಂತ ಕಟ್ಟಪ್ಪಣೆ. ಬೆರಳೆತ್ತುವ ಹಾಗಿಲ್ಲ ಅಂತ ನೋಲಿನ್‌ಳ ಕಟ್ಟಪ್ಪಣೆ. ಕೊನೆಗೆ ಕೆವರ್ನ್ ಕುರ್ಚಿಯನ್ನೇ ಎತ್ತಿದ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕೀಲಿಯ ಮೇಲೆ ಬೆರಳು, ಪಲ್ಲಕ್ಕಿಯಲ್ಲಿ ಕೂತ ರಾಣಿಯ ಹಾಗೆ ನನ್ನ ಹೆಂಡತಿ ವರಾಂಡಕ್ಕೆ ಸವಾರಿ ಹೊರಟಳು. ಹಿಂದೆ ನನ್ನ ಲ್ಯಾಪ್‌ಟಾಪ್ ಹಿಡಿದು ಗ್ವೆಂಡಾ. ಅದರ ಹಿಂದೆ ಬರಿಗೈಯಲ್ಲಿ ದಂಡನಾಯಕ. ಬೇಲಿಯಾಚೆ ಅರ್ಧ ಊರು ನೆರೆದಿತ್ತು!

"ಈಗ ಹೇಳು ನೋಲಿನ್, ಏನು ಮಾಡ್ಲಿ?" ಗ್ವೆಂಡಾ ನನ್ನ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ವರಾಂಡದ ನನ್ನ ಕುರ್ಚಿಯಲ್ಲಿ ಕೂತೇಬಿಟ್ಟಳು.

"ಆ ಮರದ ಮೇಲೆ ಅವನನ್ನ ಬೋರಲು ಮಲಗಿಸು. ಹಾಗೇ ಮುಂದಕ್ಕೆ ತೆವಳಿಸು."

"ದಿಗ್ವಿಜಯಿ ತೆವಳೋದಿಲ್ಲ!" ಅಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ದಿಗ್ವಿಜಯಿ ತೆವಳಿದ.

"ಕೈ ನಿಲುಕಲ್ಲ. ಆ ನಿಲುವಂಗಿ ಬಿಚ್ಚಿಸು, ಹಗ್ಗದ ಹಾಗೆ ಎಸಿ!"

"ಚಿನ್ನದ ಅಂಚು ಇದೆ ಕಣ್ರೇ! ಅದಕ್ಕೋಸ್ಕರ ನಾನು ಎಷ್ಟು ಹಂದಿ..."

ಬಿಚ್ಚಿಬಿಟ್ಟಳು. ಕೆವರ್ನ್ ಕಣ್ಣು ಕಿರಿದು ಮಾಡಿ ಪರದೆ ನೋಡಿದ. "ಒಳಚಡ್ಡಿ ಹಳದಿನಾ ಮಾರಾಯ?" ಬೇಲಿಯಾಚೆಯ ಸಭೆ ಘೊಳ್ಳೆಂದಿತು.

ಗ್ವೆಂಡಾ ಎಳೆದಳು, ನೋಲಿನ್ ಒದ್ದಾಡಿದಳು, ಕೆವರ್ನ್ ಕುರಿ ಹಿಡಿಯುವ ಭಂಗಿಯಲ್ಲಿ ಗಾಳಿಯನ್ನೇ ಜಗ್ಗಿದ. ಗುಂಡು ಹೆಂಗಸು 'ಪಚಕ್' ಎಂದು ಹೊರಬಂದಳು! ಜನ ಚಪ್ಪಾಳೆ ತಟ್ಟಿದರು. ನೋಲಿನ್ ಬೆರಳು ಕೊಡವಿಕೊಂಡು, ಯಾರನ್ನೂ ಕೇಳದೆ, ಬಿದ್ದ ಮರದ ಮೇಲೆ ಕೆಸರು ದಾಟಿ, ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು, ಕವಲಿನಲ್ಲಿ ಎಡಕ್ಕೆ ತಿರುಗಿದಳು.

ದಾರಿ ಬಂಡೆಗಳ ನಡುವೆ ನುಸುಳಿತು. ಹಕ್ಕಿಗಳ ಕೂಗು ಜೋರಾಯಿತು. ಇದ್ದಕ್ಕಿದ್ದಂತೆ ಮಂಜು ಸೀಳಿಕೊಂಡಿತು. ಎದುರಿಗೆ ಕಡಲು! ಬೆಳ್ಳಿ ಮರಳು, ದೂರದಲ್ಲಿ ಉರಿಯುವ ಬೆಟ್ಟ, ನೀರಿನ ಮೇಲೆ ನಿಧಾನಕ್ಕೆ ತೇಲುವ ಕಾಡು. ಮನುಷ್ಯರ ಕಣ್ಣಿಗೆ ಬೀಳದಿದ್ದ ಜಾಗ. ಕೆವರ್ನ್ ಹೆಲ್ಮೆಟ್ ತೆಗೆದ. ಗುಂಡು ಹೆಂಗಸು ಓಡಿಹೋಗಿ ಅಲೆಯಲ್ಲಿ ಮಂಡಿ ಮುಳುಗುವಷ್ಟು ನಿಂತಳು.

"ಚೂರೂ ನೋವಿಲ್ಲ ಲೈಲ್," ಅಂದಳು ನೋಲಿನ್, ಮೆತ್ತಗೆ.

ನಾನು ಅತ್ತ ತಿರುಗಿ ಕಣ್ಣೊರೆಸಿಕೊಂಡೆ. ಹೊಗೆಯಿಂದ ಅಂತ ಎಲ್ಲರಿಗೂ ಹೇಳಿದ್ದೇನೆ.

ತುತ್ತೂರಿ ಮೊಳಗಿತು. 'ಮೊದಲ ಶೋಧಕರೇ, ಈ ಕೊಲ್ಲಿಗೆ ಹೆಸರೇನು?' ಎಂದು ಪರದೆ ಕೇಳಿತು. ನಾನು ಅವಳ ಕಿವಿಯ ಬಳಿ ಬಗ್ಗಿ, "ಟಿ... ಆರ್... ಇ..." ಎಂದು ನಮ್ಮ ವಂಶದ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಉಸುರತೊಡಗಿದೆ. ಅವಳು ಒಂದೇ ಬೆರಳಲ್ಲಿ ನಿಧಾನಕ್ಕೆ ಬರೆದು ಒತ್ತಿದಳು. ಲಕ್ಷಾಂತರ ಜನರ ಭೂಪಟದ ಮೇಲೆ ಶಾಶ್ವತವಾಗಿ ಹೊಳೆಯಿತು: 'ಎಡಕ್ಕೆ ಅಂದಿದ್ನಲ್ಲ ಕೊಲ್ಲಿ'!

ಈಗ ಅದು ದೊಡ್ಡ ಯಾತ್ರಾಸ್ಥಳ. ಚಿಲಿಯಿಂದ, ಫಿನ್‌ಲೆಂಡಿನಿಂದ ಆಟಗಾರರು ಬರುತ್ತಾರೆ. ದಾರಿಯ ಕವಲಿನಲ್ಲಿ, ನಿಲುವಂಗಿ ಕೆಸರುಪಾಲಾಗಿ ಹಳದಿ ಚಡ್ಡಿಯಲ್ಲಿ ನಿಂತ ಎತ್ತರದ ಮನುಷ್ಯನನ್ನು ಕಂಡು, "ಎಡಕ್ಕೆ ಹೋಗದೆ ಇದ್ದ ಆ ಮಹಾಶಯ ಯಾರು, ಗೊತ್ತಾ?" ಎಂದು ಕೇಳುತ್ತಾರೆ. ನಾನು ಈ ಕಡೆಯವನಲ್ಲ ಅಂತ ಉತ್ತರಿಸುತ್ತೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಭಾನುವಾರ ಬಾಗಿಲು ಬಡಿದ ಸದ್ದು. ಗ್ವೆಂಡಾ, ಕೆವರ್ನ್, ಅಗ್ನಿಶಾಮಕ ದಳದ ಮಿಕ್ಕವರು, ಎಲ್ಲರ ಕಂಕುಳಲ್ಲೂ ಒಂದೊಂದು ಲ್ಯಾಪ್‌ಟಾಪ್! ಬೇಕರಿಯಿಂದ ಪಾಸ್ಟಿ ತಂದಿದ್ದರು, ನಮ್ಮ ಓವನ್ ಮೇಲೆ ಊರಿಗೆ ನಂಬಿಕೆ ಹೋಗಿತ್ತು. ಆ ಉರಿಯುವ ಬೆಟ್ಟದ ಆಚೆಗೆ ದಂಡಯಾತ್ರೆಯಂತೆ. ಮೇಜಿನ ತಲೆಯಲ್ಲಿ ನೋಲಿನ್ ಕೂತಳು. ಗ್ವೆಂಡಾ ದೋಣಿ ನಡೆಸುವವಳು, ಕೆವರ್ನ್ ಕಾವಲು. ನಾಯಕನಾಗಿದ್ದವನು ನಾಲಾಯಕನಾಗಿ ಮೂಲೆಯಲ್ಲಿ ಟೀ ಸುರಿಯುತ್ತಿದ್ದೆ. ಕೊನೆಗೆ ತಡೆಯಲಾರದೆ ಕೇಳಿದೆ:

"ನನಗೇನೂ ಕೆಲಸ ಇಲ್ವಾ ನೋಲಿನ್?"

"ಯಾಕಿಲ್ಲ? ಸಾಮಾನು ಹೊರೋಕೆ ಒಂದು ಕತ್ತೆ ತಗೊಂಡಿದ್ದೀವಿ. ಅದರ ಹಗ್ಗ ನಿನ್ನ ಕೈಗೆ."

ನನ್ನ ಎದೆ ಮತ್ತೆ ಸ್ವಲ್ಪ ಉಬ್ಬಿತು. "ಅಂದ್ರೆ ಇಡೀ ಸರಂಜಾಮು ನನ್ನ ಉಸ್ತುವಾರಿ! ಕತ್ತೆಗೆ ದಾರಿ ತೋರಿಸೋನು ನಾನು!"

"ಅಲ್ಲ ಲೈಲ್," ಅಂದಳು, ಪರದೆಯಿಂದ ತಲೆಯೆತ್ತದೆ. "ದಾರಿ ಕತ್ತೆಗೆ ಗೊತ್ತು. ಹಗ್ಗ ಕಟ್ಟಿರೋದು ನೀನು ತಪ್ಪಿಸ್ಕೊಬಾರದು ಅಂತ!"